ಕೂಗಳತೆ ದೂರದ ರೈಲು

ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮೊಳೆಯವರು ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟು, ಮೊಣಕಾಲುದ್ದದ ಹುಲ್ಲು ದಾಟಿ, ರೈಲು ಹಳಿಯ ಪಕ್ಕದ ಪ್ಲಾಟ್‌ಫಾರಂ ಹತ್ತಿ, ತಗಡಿನ ಸೂರಿನ ಕೆಳಗೆ ನಿಲ್ಲುತ್ತಿದ್ದರು. ಏಳಕ್ಕೆ ಸರಿಯಾಗಿ ರೈಲು ಬರುತ್ತಿತ್ತು. ಅವರು ಬಲಗೈ ಎತ್ತುತ್ತಿದ್ದರು. ಡ್ರೈವರು ಒಂದು ಸಲ ಸಿಳ್ಳೆ ಹಾಕಿ, ಹಲ್ಲು ಬಿಟ್ಟು ನಕ್ಕು, ಹೋಗಿಬಿಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಆ ರೈಲು ಅವರಿಗಾಗಿ ಒಂದು ದಿನವೂ ನಿಂತಿರಲಿಲ್ಲ. ಕೊನೆಯ ಬೋಗಿ ದಾಟಿದ ಮೇಲೆ ಅವರು ಕೈ ಇಳಿಸಿ, ಡಬ್ಬಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಇಳಿದು, ಹಳಿಯ ಪಕ್ಕದ ಕಾಲುದಾರಿಯಲ್ಲಿ ಐದು ಮೈಲಿ ದೂರದ ಪೇಟೆಗೆ ನಡೆಯುತ್ತಿದ್ದರು.

ಮಳೆ ಬರಲಿ, ಜ್ವರ ಬರಲಿ, ಇದು ತಪ್ಪುತ್ತಿರಲಿಲ್ಲ. ಭಾನುವಾರವೂ ಡಬ್ಬಿ ಹಿಡಿದು ಹೋಗಿ ನಿಂತು ಬರುತ್ತಿದ್ದರು. ಹೆಂಡತಿ ಒಮ್ಮೆ ಕೇಳಿದ್ದಳು: "ಇವತ್ತು ರಜೆ ಅಲ್ವೇನ್ರೀ? ಅಕಸ್ಮಾತ್ ನಿಂತೇಬಿಟ್ರೆ ಹತ್ತಿ ಎಲ್ಲಿಗೆ ಹೋಗ್ತೀರಾ?"

"ನಿಲ್ಲೋ ದಿನ ನಾನಿರಲಿಲ್ಲ ಅಂತ ಆಗಬಾರದಲ್ಲ ಕಣೇ," ಎಂದಿದ್ದರು.

ಮೊಳೆಯವರು ಎಂದರೆ ಬಡಗಿಯಲ್ಲ. ಅಚ್ಚುಕೂಟದಲ್ಲಿ ಸೀಸದ ಅಕ್ಷರಕ್ಕೆ ಮೊಳೆ ಎನ್ನುತ್ತಾರೆ. ಗೂಡುಗಳಿಂದ ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟುವುದು, ಅಚ್ಚು ತೆಗೆದ ಕರಡು ನೋಡಿ ತಪ್ಪು ತಿದ್ದುವುದು ಅವರ ಕೆಲಸ. ಸೀಸದಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ಮಗುಚಿಕೊಂಡಿರುತ್ತದೆ. ಆ ಮಗುಚಿದ ಸಾಲನ್ನು ಅವರು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದರು. ಆದರೆ ಓದಿದ್ದು ಕಣ್ಣಿಂದ ಬೆರಳಿಗೆ ಹೋಗುತ್ತಿತ್ತೇ ಹೊರತು ತಲೆಯ ಕಡೆ ತಿರುಗುತ್ತಿರಲಿಲ್ಲ. ಯಾರದೋ ಮದುವೆ ಕಾಗದ ಕೈಗೆ ಬಂದರೆ ಹೆಣ್ಣು ಯಾರು, ಗಂಡು ಯಾರು ಎಂದು ನೋಡುವ ಮೊದಲು ಎಲ್ಲಾದರೂ ಒತ್ತು ಬಿಟ್ಟಿದೆಯೇ ನೋಡುತ್ತಿದ್ದರು. ಒಮ್ಮೆ ಸಾವಿನ ಸುದ್ದಿಯ ಕಾಗದ ಓದಿ, "ಬಹಳ ಚೆನ್ನಾಗಿದೆ, ಒಂದೂ ತಪ್ಪಿಲ್ಲ," ಎಂದು ಮೆಚ್ಚಿ, ಸತ್ತವರ ಮಗನಿಂದ ಬಾಯಿಗೆ ಬಂದಂತೆ ಬೈಸಿಕೊಂಡಿದ್ದರು. ಬೈಗುಳ ಯಾಕೆಂದು ಅವರಿಗೆ ತಿಳಿದದ್ದು ಮಾರನೆಯ ದಿನ.

ಇಂಥವರ ಅಚ್ಚುಕೂಟಕ್ಕೆ, ಈ ರೈಲು ಕಾಯುವುದು ಶುರುವಾಗುವ ಮೊದಲು, ಒಂದು ದಿನ ಹ್ಯಾಟು ಸಾಹುಕಾರರು ಬಂದರು. ಒಳಗೆ ಬಂದರೂ ಹ್ಯಾಟು ತೆಗೆಯುತ್ತಿರಲಿಲ್ಲವಾದ್ದರಿಂದ ಆ ಹೆಸರು. ಪೇಟೆಯಲ್ಲಿ ಇದ್ದಕ್ಕಿದ್ದಂತೆ ಕಾಸು ಕಂಡವರು ಹೆಚ್ಚಾಗಿದ್ದರು. ಗಲ್ಲಿಯಲ್ಲಿ ಗಾಳಿ ಕಡಿಮೆಯಾಗಿತ್ತು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದವರಲ್ಲಿ ಸಾಹುಕಾರರು ಮೊದಲಿಗರು. ಪೇಟೆಯ ಆಚೆ, ಬರೀ ಕುರುಚಲು ಗಿಡ ಬೆಳೆಯುತ್ತಿದ್ದ ಬಯಲಿನಲ್ಲಿ ಬಡಾವಣೆ ಕಟ್ಟುತ್ತೇವೆಂದು ಎಂಟು ಪುಟದ ಹೊತ್ತಿಗೆಯೊಂದನ್ನು ಅಚ್ಚಿಗೆ ತಂದಿದ್ದರು. ಅದು ಮೊಳೆಯವರ ಕೈಗೆ ಬಂತು. ಅದರಲ್ಲಿ ಹೀಗಿತ್ತು: 'ಪೇಟೆಯ ಹೊಗೆಯಿಂದ ಐದು ಮೈಲಿ ದೂರ, ರೈಲು ನಿಲ್ದಾಣಕ್ಕೆ ಕೂಗಳತೆ ಹತ್ತಿರ. ಬೆಳಗ್ಗೆ ಹಕ್ಕಿಯ ಹಾಡು, ಏಳಕ್ಕೆ ರೈಲು, ಎಂಟಕ್ಕೆ ಕಚೇರಿ, ಸಂಜೆ ನಿಮ್ಮದೇ ಹೂದೋಟದಲ್ಲಿ ಚಹಾ.' ಅಗಲವಾದ ರಸ್ತೆಗಳು, ಸರೋವರ, ವಿನೋದ ಮಂದಿರ, ಎಲ್ಲಕ್ಕೂ ಮಿಗಿಲಾಗಿ ಶುದ್ಧವಾದ ಗಾಳಿ.

ಮೊಳೆಯವರು ಅದನ್ನು ಜೋಡಿಸಿ, ಮೂರು ಸಲ ಕರಡು ತೆಗೆದು, ಮೂರು ಸಲ ತಿದ್ದಿದರು. ಮೂರನೆಯದರಲ್ಲಿ ಚುಕ್ಕೆಯಷ್ಟೂ ದೋಷವಿರಲಿಲ್ಲ. ಆ ಸಂಜೆ ಅದರ ಒಂದು ಪ್ರತಿಯನ್ನು ಮನೆಗೆ ತಂದರು. ಮನೆಯೆಂದರೆ ಹಿಟ್ಟಿನ ಗಿರಣಿಯ ಪಕ್ಕದ ಒಂದು ಕೋಣೆ. ಹೆಂಡತಿ ಆ ಕೋಣೆಗೆ ಬಂದ ವರ್ಷದಿಂದ ಕೆಮ್ಮುತ್ತಿದ್ದಳು. ಬೇಸಿಗೆಯಲ್ಲಿ ಮಾತಾಡುತ್ತ ಕೆಮ್ಮಿದರೆ, ಚಳಿಗಾಲದಲ್ಲಿ ಕೆಮ್ಮುತ್ತ ಮಾತಾಡುತ್ತಿದ್ದಳು.

"ಗಾಳಿ ಅಂತೆ ಕಣೇ. ಮೂರು ಸಲ ನೋಡಿದೀನಿ, ಒಂದೂ ತಪ್ಪಿಲ್ಲ," ಎಂದರು ಮೊಳೆಯವರು.

ಆಕೆ ಹೊತ್ತಿಗೆಯನ್ನು ತಿರುಗಿಸಿ ನೋಡಿ ಕೇಳಿದಳು: "ತಪ್ಪಿಲ್ಲ ಅಂದ್ರೆ, ನಿಜ ಅಂತಾನಾ?"

ಮೊಳೆಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಪ್ಪಿಲ್ಲದ್ದು ಸುಳ್ಳಾಗುವುದು ಹೇಗೆ? ಇಪ್ಪತ್ತು ವರ್ಷ ಸೀಸದ ಧೂಳು ಕುಡಿದ ಮನುಷ್ಯನಿಗೆ ಮಾತ್ರ ಬರಬಹುದಾದ ನಂಬಿಕೆ ಅದು. ದೇವರು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಪರದೆ ಕಟ್ಟಿರುತ್ತಾನೆ. ಮೊಳೆಯವರದ್ದನ್ನು ಅವರೇ ನೇಯ್ದು ಕಟ್ಟಿಕೊಂಡಿದ್ದರು.

ಜಾಗ ತೋರಿಸಲು ಸಾಹುಕಾರರ ಕಂಪನಿಯವರು ಒಂದು ಭಾನುವಾರ ಸ್ಪೆಷಲ್ ರೈಲು ಮಾಡಿಸಿದ್ದರು. ಜೊತೆಗೆ ಬ್ಯಾಂಡು, ಚಹಾ, ಬಿಸ್ಕತ್ತು. ಅಂದು ರೈಲು ನಿಂತಿತು. ಹೊಸ ಪ್ಲಾಟ್‌ಫಾರಮ್ಮಿನ ಮೇಲೆ ಒಬ್ಬ ಮನುಷ್ಯ ಕಂಕುಳಲ್ಲಿ ಕೊಡೆ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಗಡಿಯಾರ ನೋಡುತ್ತ ನಿಂತಿದ್ದ. ಮೊಳೆಯವರು ಹೆಂಡತಿಯ ಮೊಣಕೈ ತಿವಿದರು. ನೋಡು, ಆಗಲೇ ಇಲ್ಲಿಂದ ಕೆಲಸಕ್ಕೆ ಹೋಗುವವರಿದ್ದಾರೆ!

"ಭಾನುವಾರ ಅವನಿಗೆಂಥ ಕಚೇರಿ?" ಎಂದಳು ಹೆಂಡತಿ.

"ಜವಾಬ್ದಾರಿ ಇರೋ ಮನುಷ್ಯ ಇರ್ಬೇಕು."

ಮೂರು ತಿಂಗಳ ಮೇಲೆ, ಕೂಡಿಟ್ಟದ್ದನ್ನೆಲ್ಲ ಸಾಹುಕಾರರ ಮೇಜಿನ ಮೇಲೆ ಸುರಿದಾದ ಮೇಲೆ, ಆ ಜವಾಬ್ದಾರಿಯ ಮನುಷ್ಯ ಪೇಟೆಯ ನಾಟಕದ ಡೇರೆಯ ಬಾಗಿಲಲ್ಲಿ ಟಿಕೇಟು ಹರಿಯುತ್ತ ಕುಳಿತದ್ದನ್ನು ಮೊಳೆಯವರು ಕಂಡರು. ಕೊಡೆ ಅದೇ ಆಗಿತ್ತು. ಅವರು ಇದನ್ನು ಹೆಂಡತಿಗೆ ಹೇಳಲಿಲ್ಲ.

ಬಡಾವಣೆಯಲ್ಲಿ ಎಲ್ಲಕ್ಕಿಂತ ಮೊದಲು ಎದ್ದದ್ದು ಕಮಾನು. ಎರಡಾಳೆತ್ತರದ ಕಲ್ಲಿನ ಕಮಾನು, ಅದಕ್ಕೆ ಕಬ್ಬಿಣದ ಬಾಗಿಲು, ಬಾಗಿಲಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ. ಎರಡೂ ಪಕ್ಕ ಗೋಡೆ ಇರಲಿಲ್ಲ. ಕಾವಲುಗಾರ ಸಂಜೆಯಾದರೆ ಬಹಳ ನಿಷ್ಠೆಯಿಂದ ಬೀಗ ಹಾಕಿ, ಎಳೆದು ನೋಡಿ, ಕಮಾನಿನ ಪಕ್ಕದಿಂದ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದ. ಆಮೇಲೆ ರಸ್ತೆಗಳು ಬಂದವು, ಎಂದರೆ ರಸ್ತೆಯ ಹಲಗೆಗಳು. ಮಲ್ಲಿಗೆ ರಸ್ತೆ, ಗುಲಾಬಿ ರಸ್ತೆ, ಸಂಪಿಗೆ ರಸ್ತೆ ಎಂದು ಮುಳ್ಳುಪೊದೆಗಳ ನಡುವೆ ಹಲಗೆ ನಿಂತವು. ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತಾಗ ಅದು ಸರೋವರವಾಯಿತು. ಅಲ್ಲಿ ವಿಹಾರಕ್ಕೆ ಬಂದದ್ದು ಸೊಳ್ಳೆಗಳು ಮಾತ್ರ. ವಿನೋದ ಮಂದಿರದ ಬಿಲಿಯರ್ಡ್ಸ್ ಮೇಜು ಗೋಡೆಗಳಿಗಿಂತ ಮುಂಚೆ ಬಂದುಬಿಟ್ಟಿತು. ಗೋಡೆಗಾಗಿ ಕಾದು ಕಾದು, ಟಾರ್ಪಾಲಿನ ಕೆಳಗೆ ಮುದಿಯಾಯಿತು. ಯಾರದೋ ಕೋಳಿ ಅದರ ಮೂಲೆಯ ಗುಂಡಿಯಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಆ ಮಂದಿರದಲ್ಲಿ ವಿನೋದ ಅಂತ ನಡೆದದ್ದು ಅಷ್ಟೇ.

ಇನ್ನೂರ ನಲವತ್ತು ಸೈಟುಗಳಲ್ಲಿ ಏಳು ಮನೆ ಎದ್ದವು, ಒಂದು ಮೊಳೆಯವರದು. ರೈಲ್ವೆಯವರು ಐವತ್ತು ಮನೆಯಾದರೆ ರೈಲು ನಿಲ್ಲಿಸುತ್ತೇವೆ ಎಂದಿದ್ದರು. ಸೈಟು ಕೊಂಡವರು ರೈಲು ನಿಂತರೆ ಮನೆ ಕಟ್ಟುತ್ತೇವೆ ಎಂದಿದ್ದರು. ಇಬ್ಬರ ಮಾತೂ ನ್ಯಾಯವೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಎರಡು ವರ್ಷ ಕೂತರು. ಅಷ್ಟರಲ್ಲಿ ಸಾಹುಕಾರರು ಕಾಣದಾದರು. ಕಂಪನಿಯ ಕಚೇರಿ ಇದ್ದ ಕೋಣೆಯಲ್ಲಿ ಕ್ಷೌರದ ಅಂಗಡಿ ಬಂತು. ಕುರ್ಚಿಗಳು ಅವೇ ಇದ್ದವು, ಕೆಲಸವೂ ಹೆಚ್ಚುಕಡಿಮೆ ಅದೇ.

ಆರು ಮನೆಯವರು ಒಬ್ಬೊಬ್ಬರಾಗಿ ಬಾಗಿಲು, ಕಿಟಕಿ, ಹೆಂಚು ಎಲ್ಲ ಕಿತ್ತುಕೊಂಡು ಪೇಟೆಗೆ ಮರಳಿದರು. ಕೊನೆಗೆ ಹೋದ ಆಸ್ಪತ್ರೆಯ ಗುಮಾಸ್ತರು ಗಾಡಿಯ ಮೇಲೆ ಕೂತು, ನೀವೂ ಹೊರಡಿ, ಇನ್ನು ಇಲ್ಲಿ ಮಾತಾಡಲಿಕ್ಕೂ ಜನ ಇರುವುದಿಲ್ಲ ಎಂದರು. ಮೊಳೆಯವರು, ಬರುತ್ತಾರೆ, ರೈಲೊಂದು ನಿಲ್ಲಲಿ ಎಂದರು. ಗುಮಾಸ್ತರು ಎತ್ತನ್ನು ಹೊಡೆಯಲು ಹೇಳಿ ಮುಖ ತಿರುಗಿಸಿಕೊಂಡರು.

ಅವರು ಉಳಿದದ್ದು ಬರೀ ಮೊಂಡುತನದಿಂದಲ್ಲ. ಆ ಬಯಲಿಗೆ ಬಂದ ನಾಲ್ಕನೆಯ ತಿಂಗಳು ಹೆಂಡತಿಯ ಕೆಮ್ಮು ನಿಂತುಹೋಗಿತ್ತು. ಒಂದು ಬೆಳಗ್ಗೆ ಮನೆ ಇಷ್ಟು ಸದ್ದಿಲ್ಲದೆ ಯಾಕಿದೆ ಎಂದು ಮೊಳೆಯವರು ಗಾಬರಿಯಿಂದ ಎದ್ದು ನೋಡಿದರೆ, ಆಕೆ ಹಿತ್ತಲಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತು ಬದನೆ ಸಸಿಗೆ ನೀರು ಹನಿಸುತ್ತಿದ್ದಳು. ಹೊತ್ತಿಗೆಯ ಎಂಟು ಪುಟದಲ್ಲಿ ನಿಜವಾದದ್ದು ಗಾಳಿ ಒಂದೇ. ಗಾಳಿಯನ್ನು ಕಂಪನಿ ಮಾಡಿರಲಿಲ್ಲ, ದೇವರು ಮಾಡಿದ್ದ. ಅದಕ್ಕೇ ಅದೊಂದು ಹೇಳಿದ ಹಾಗೇ ಇತ್ತು.

ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು. ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಅವರನ್ನು ಕಂಡಾಗಲೆಲ್ಲ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ. "ಏನು ಸ್ಟೇಷನ್ ಮಾಸ್ಟರ್ ಭಾವ, ಇವತ್ತು ಗಾಡಿ ಎಷ್ಟು ಲೇಟು?" ಎನ್ನುತ್ತಿದ್ದ. ಮೊಳೆಯವರು, ರೈಲು ಸರಿಯಾದ ವೇಳೆಗೇ ಬಂತು ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ತಮಾಷೆಯಲ್ಲಿ ಒತ್ತು, ದೀರ್ಘ ಎಲ್ಲ ಸರಿಯಿದ್ದರೆ ಅವರಿಗೆ ಅದು ತಮಾಷೆಯೆಂದು ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತನೆಯ ವರ್ಷ ಮಂಡಿ ಕೈಕೊಟ್ಟಿತು. ಮೊದಲು ಬಲದ್ದು, ಆಮೇಲೆ ಅದರ ಭಾರ ಹೊತ್ತ ತಪ್ಪಿಗೆ ಎಡದ್ದು. ಒಂದೂವರೆ ಗಂಟೆಯ ದಾರಿ ಎರಡಾಯಿತು, ಎರಡೂವರೆಯಾಯಿತು. ಎಂಟೂವರೆಗೆ ತೆರೆಯುವ ಅಚ್ಚುಕೂಟಕ್ಕೆ ಒಂಬತ್ತೂವರೆಗೆ ಹೋಗಿ ಕಳ್ಳನ ಹಾಗೆ ಮೊಳೆಯ ಗೂಡಿನ ಹಿಂದೆ ಸೇರಿಕೊಳ್ಳುತ್ತಿದ್ದರು. ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, ದಿನಕ್ಕೆಷ್ಟು ನಡೆಯುತ್ತೀರಿ ಎಂದು ಕೇಳಿದರು. ಉತ್ತರ ಕೇಳಿ, ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಬರೆದುಕೊಡುವ ಔಷಧಿ ಏನೂ ಇಲ್ಲ, ನಡಿಗೆ ನಿಲ್ಲಿಸಿ, ಇಲ್ಲದಿದ್ದರೆ ಅದೇ ನಿಲ್ಲುತ್ತದೆ ಎಂದರು. ಅಚ್ಚುಕೂಟದ ಯಜಮಾನರು ಒಳ್ಳೆಯವರು, ಒಂದು ತಿಂಗಳು ಏನೂ ಅನ್ನಲಿಲ್ಲ. ಎರಡನೆಯ ತಿಂಗಳು ಕರೆದು, ಮುಂದಿನ ಒಂದನೇ ತಾರೀಖಿನಿಂದ ಎಂಟೂವರೆಗೆ ಬರಲಾಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಗೋಡೆ ನೋಡುತ್ತ ಹೇಳಿದರು.

ಉಳಿದದ್ದು ಒಂದೇ ದಾರಿ. ಹೆಂಡತಿಯ ತಮ್ಮ ತನ್ನ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಡುತ್ತೇನೆ ಎಂದಿದ್ದ. ಅಲ್ಲಿಂದ ಅಚ್ಚುಕೂಟ ನಾಲ್ಕು ಹೆಜ್ಜೆ. ಆ ಕೋಣೆಯಲ್ಲಿ ಹತ್ತಿ ಹಿಂಜುತ್ತಿದ್ದರು. ಬಾಗಿಲು ತೆರೆದರೆ ಬಿಸಿಲಿನ ಕೋಲಿನಲ್ಲಿ ಹತ್ತಿಯ ಧೂಳು ಹಾಲಿನಂತೆ ಬೆಳ್ಳಗೆ ನಿಂತಿರುತ್ತಿತ್ತು. ನೋಡಿ ಬರುತ್ತೇನೆಂದು ಹೋದ ಹೆಂಡತಿ ಎರಡು ದಿನ ಇದ್ದು ಬಂದು ಒಂದು ವಾರ ಕೆಮ್ಮಿದಳು. "ನಾಲ್ಕು ದಿನ ಇದ್ರೆ ಒಗ್ಗುತ್ತೆ," ಎಂದಳು. ಮೊಳೆಯವರು ಹಿತ್ತಲಿಗೆ ಹೋಗಿ ಸುಮ್ಮನೆ ಬಾವಿ ಬಗ್ಗಿ ನೋಡಿದರು. ಸಂಜೆ ಎಷ್ಟು ತಡವಾಗಿ ಕುಂಟಿಕೊಂಡು ಬಂದರೂ ಕೇಳುವವರಿಲ್ಲ; ಆ ರೈಲು ಬೆಳಗ್ಗೆ ಒಂದೇ ಒಂದು ನಿಮಿಷ ನಿಂತಿದ್ದರೆ ಈ ಮನೆ ಬಿಡಬೇಕಾಗಿರಲಿಲ್ಲ.

ಅದೇ ವಾರ ಅಚ್ಚುಕೂಟಕ್ಕೆ ಹೊಸ ಕೆಲಸ ಬಂತು. ಕಂಪನಿಯ ಹೆಸರು ಹೊಸದು, ಕಾಗದ ಮೊದಲಿಗಿಂತ ದಪ್ಪ. 'ನಮ್ಮ ಸುಪ್ರಸಿದ್ಧ ಬಡಾವಣೆಯ ಎರಡನೇ ಹಂತ.' ಮೊಳೆಯವರ ಬೆರಳು ಅಭ್ಯಾಸದಂತೆ ಗೂಡಿನಿಂದ ಗೂಡಿಗೆ ಓಡುತ್ತಿತ್ತು. 'ಪೇಟೆಯ ಹೊಗೆಯಿಂದ ಐದು ಮೈಲಿ ದೂರ' ಎಂದು ಕಟ್ಟಿದರು. 'ರೈಲು ನಿಲ್ದಾಣಕ್ಕೆ ಕೂಗಳತೆ ಹತ್ತಿರ' ಎಂದು ಕಟ್ಟುವಾಗ ಬೆರಳು ಸಾಲಿನ ಮೇಲೆ ನಿಂತಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಸಾಲು ಬೆರಳನ್ನು ದಾಟಿ ತಲೆಗೆ ಹೋಯಿತು. ಕೂಗಳತೆ ಎಂಬುದೇನೋ ಸುಳ್ಳಲ್ಲ. ರೈಲು ಕೂಗುವುದು ಅಡುಗೆಮನೆಯವರೆಗೂ ಕೇಳಿಸುತ್ತದೆ.

ಅವರು ಕೆಲಸ ಮುಗಿಸಿ, ಕರಡು ತೆಗೆದು, ತಿದ್ದಲು ಕೂತರು. ಅಕ್ಷರದ ತಪ್ಪು ಒಂದೂ ಇರಲಿಲ್ಲ. ಆದರೂ ಕೆಂಪು ಶಾಯಿ ತೆಗೆದುಕೊಂಡರು. 'ನಿಲ್ದಾಣ' ಎಂಬುದನ್ನು ಹೊಡೆದುಹಾಕಿ ಪಕ್ಕದ ಬಿಳಿ ಅಂಚಿನಲ್ಲಿ ದುಂಡಗೆ ಬರೆದರು: 'ರೈಲು ನಿಲ್ಲುವುದಿಲ್ಲ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ.' 'ಸರೋವರ' ಹೊಡೆದು 'ಗುಂಡಿ' ಎಂದರು. 'ಸುಪ್ರಸಿದ್ಧ ಬಡಾವಣೆ' ಹೊಡೆದು 'ಒಂದು ಮನೆ' ಎಂದರು. 'ವಿನೋದ ಮಂದಿರ' ಹೊಡೆದು, ಕೋಳಿಯ ವಿಷಯ ಬರೆಯಲು ಜಾಗ ಸಾಲದೆ ಬಿಟ್ಟರು. 'ಶುದ್ಧವಾದ ಗಾಳಿ' ಎಂಬುದರ ಮುಂದೆ 'ಸರಿಯಾಗಿದೆ' ಎಂದು ಗುರುತು ಹಾಕಿದರು. ಲಕೋಟೆ ಅಂಟಿಸಿ ಎಂದಿನಂತೆ ಗಿರಾಕಿಗೆ ಕಳಿಸಿಕೊಟ್ಟು, ಕೈ ತೊಳೆದು ಮನೆಗೆ ಹೊರಟರು. ಅಂದು ಮಂಡಿ ಅಷ್ಟು ನೋಯಲಿಲ್ಲ, ಅಥವಾ ನೋವಿನ ಕಡೆ ಗಮನವಿರಲಿಲ್ಲ.

ಭಾನುವಾರ ಬೆಳಗ್ಗೆ ಅವರು ಪ್ಲಾಟ್‌ಫಾರಮ್ಮಿನಿಂದ ಮರಳಿ ಬಂದು ಡಬ್ಬಿಯನ್ನು ಕಿಟಕಿಯ ಮೇಲೆ ಇಡುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಹ್ಯಾಟು ಸಾಹುಕಾರರು ಇಳಿದರು. ಹ್ಯಾಟು ಹೊಸದು, ಮುಖ ಸ್ವಲ್ಪ ಹಳೆಯದಾಗಿತ್ತು. ಬೈಯಲು ಬಂದಿದ್ದಾರೆಂದು ಮೊಳೆಯವರು ಬೆನ್ನು ನೆಟ್ಟಗೆ ಮಾಡಿ ಕೂತರು. ಸಾಹುಕಾರರು ಬೈಯಲಿಲ್ಲ. ಕರಡು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ ಎಂದರು. ಉಸಿರೆಳೆದುಕೊಂಡು, ಗಾಳಿ ಬಹಳ ಚೆನ್ನಾಗಿದೆ ಎಂದು ತಾವೇ ಮಾಡಿಸಿ ಕಳಿಸಿದ ಸರಕಿನಂತೆ ಮೆಚ್ಚಿಕೊಂಡರು. ಹೆಂಡತಿ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು.

"ಮಂಡಿ ನೋವಂತೆ? ನಿಮ್ಮ ಯಜಮಾನರು ಹೇಳಿದ್ರು. ಕೇಳಿ ನನಗೆ ಸಂಕಟ ಆಯ್ತು," ಎಂದರು ಸಾಹುಕಾರರು. "ರೈಲ್ವೆಯ ದೊಡ್ಡ ಸಾಹೇಬ್ರು ಈಗ ನಮ್ಮ ಬೀಗರು, ಮೊಳೆಯವ್ರೇ. ಒಂದನೇ ತಾರೀಖಿಂದ ಏಳರ ರೈಲು ಇಲ್ಲಿ ಒಂದು ನಿಮಿಷ ನಿಲ್ಲುತ್ತೆ. ನಿಮಗೋಸ್ಕರಾನೇ ಅಂದ್ಕೊಳ್ಳಿ."

ಜೇಬಿನಿಂದ ಮೊಹರು ಹಾಕಿದ ಕಾಗದ ತೆಗೆದು ಕೊಟ್ಟರು. ಮೊಳೆಯವರು ಅದನ್ನು ಎರಡು ಸಲ ಓದಿದರು. ಒಂದೂ ತಪ್ಪಿರಲಿಲ್ಲ. ಅದೇ ಅವರಿಗೆ ಹೆದರಿಕೆ ಹುಟ್ಟಿಸಿತು.

"ಎಷ್ಟು ದಿನ ನಿಲ್ಲುತ್ತೆ?"

"ಸೈಟುಗಳು ಹೋಗೋ ತನಕ ನನ್ನ ಜವಾಬ್ದಾರಿ. ಆಮೇಲೆ ಜನ ಬಂದ್ರೆ ತಾನಾಗೇ ನಿಲ್ಲುತ್ತೆ."

"ನಾನೇನು ಮಾಡ್ಬೇಕು?"

"ಏನೂ ಇಲ್ಲ. ಆ ಕೆಂಪು ಶಾಯಿ ಮರೆತುಬಿಡಿ. ಭಾನುವಾರ ಗಿರಾಕಿಗಳನ್ನ ಕರ್ಕೊಂಡು ಬರ್ತೀವಿ, ಆಗ ಡಬ್ಬಿ ಹಿಡ್ಕೊಂಡು ಅಲ್ಲಿ ನಿಂತಿರಿ, ಅಷ್ಟೇ. ಹೇಗೂ ನಿಲ್ತಾನೇ ಇದೀರಲ್ಲ." ಸಾಹುಕಾರರು ಚಹಾ ಹೀರಿ, ಮನೆಯವರಿಗೆ ಗುಟ್ಟು ಹೇಳುವವರಂತೆ ಮುಂದೆ ಬಾಗಿದರು. "ನಿಜ ಹೇಳ್ತೀನಿ ಕೇಳಿ. ಈ ಎರಡನೇ ಹಂತ ನನ್ನ ತಲೆಗೆ ಬಂದಿದ್ದೇ ನಿಮ್ಮಿಂದ. ಹೋದ ವರ್ಷ ಈ ರೈಲಲ್ಲಿ ಹೋಗ್ತಿದ್ದೆ. ಎದುರಿಗೆ ಕೂತವರು ಕಿಟಕೀಲಿ ನಿಮ್ಮನ್ನ ತೋರಿಸಿ, ಇಲ್ಲಿ ಯಾವುದೋ ಒಳ್ಳೆ ಬಡಾವಣೆ ಇರ್ಬೇಕು, ದಿನಾ ಒಬ್ರು ಕೆಲಸಕ್ಕೆ ಹೊರಟು ನಿಂತಿರ್ತಾರೆ ಅಂದ್ರು. ಅವರೇ ನನ್ನ ಮೊದಲನೇ ಗಿರಾಕಿ. ಪಾಪ, ಮನೇಲಿ ಮಗೂಗೆ ಉಬ್ಬಸ ಅಂತೆ."

ಮೊಳೆಯವರು ಕಿಟಕಿಯ ಮೇಲಿದ್ದ ಡಬ್ಬಿಯನ್ನು ನೋಡಿದರು. ಕೊಡೆಯ ಮನುಷ್ಯನ ನೆನಪಾಯಿತು. ಅವನಾದರೂ ಒಂದು ಭಾನುವಾರ ನಿಂತು, ಕೂಲಿ ತೆಗೆದುಕೊಂಡು ಹೋಗಿದ್ದ. ತಾವು ಹತ್ತೊಂಬತ್ತು ವರ್ಷ, ಮಳೆಯಲ್ಲಿ, ಜ್ವರದಲ್ಲಿ, ಕೂಲಿಯಿಲ್ಲದೆ ಅದೇ ಕೆಲಸ ಮಾಡಿಕೊಂಡು ಬಂದಿದ್ದೆವಲ್ಲ ಎಂದು ಅವರಿಗೆ ಈಗ ಹೊಳೆಯಿತು. ಕೈ ಬೇರೆ ಎತ್ತುತ್ತಿದ್ದರು, ಚೆನ್ನಾಗಿ ಕಾಣಲಿ ಎಂಬಂತೆ.

ರೈಲು ನಿಂತರೆ ಈ ಮನೆ ಉಳಿಯುತ್ತದೆ, ಹಿತ್ತಲು ಉಳಿಯುತ್ತದೆ, ಆಕೆಯ ಉಸಿರು ಉಳಿಯುತ್ತದೆ. ಅವರು ಬಾಗಿಲ ಕಡೆ ತಿರುಗಿದರು.

"ನನ್ನ ಮುಖ ನೋಡಬೇಡಿ," ಎಂದಳು ಹೆಂಡತಿ. "ನಾನು ಕೇಳೋದನ್ನ ನೀವು ಆ ಪುಸ್ತಕ ಮನೆಗೆ ತಂದ ದಿನಾನೇ ಕೇಳಿದೀನಿ. ಕೆಮ್ಮು ನನಗೆ ಹೊಸದೇನಲ್ಲ. ಇವತ್ತು ನೀವು ಹೇಳಿ."

ಮೊಳೆಯವರು ಮೊಹರಿನ ಕಾಗದವನ್ನು ಮಡಿಕೆ ಇದ್ದ ಕಡೆಯೇ ಮಡಿಸಿ, ಸಾಹುಕಾರರ ಚಹಾ ಲೋಟದ ಪಕ್ಕ ಇಟ್ಟರು.

"ಈ ಉಪಕಾರ ಬೇಡ ಸಾಹುಕಾರ್ರೇ. ರೈಲು ಅದರ ಪಾಡಿಗೆ ಹೋಗ್ಲಿ."

"ಯೋಚನೆ ಮಾಡಿ. ಮಂಡಿ ನಿಮ್ಮದು."

"ಮಂಡಿ ನಂದೇ," ಎಂದರು ಮೊಳೆಯವರು. "ಡಬ್ಬೀನೂ ನಂದೇ. ಭಾನುವಾರ ಅದು ಮನೇಲೇ ಇರುತ್ತೆ. ಆ ಕೊಡೆಯವನು ಇನ್ನೂ ಇದಾನೇನೋ ವಿಚಾರಿಸಿ ನೋಡಿ."